ಎಐ ನೆರವಿನಿಂದ ರೆಸ್ಯೂಮೆ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೆ ಅರ್ಜಿ ಹಾಕುವವರು ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಕೋಪೈಲಟ್ ಮುಂತಾದ ಎಐ ಸಾಧನಗಳ ನೆರವು ಪಡೆದು ರೆಸ್ಯೂಮೆ ಬರೆಯುವುದು ಈಗ ಸಾಮಾನ್ಯವಾಗಿದೆ. ಬಹಳ ಕಾಲದಿಂದ ಬೇರೆಯವರ ರೆಸ್ಯೂಮೆಗಳನ್ನು ಓದಿ ತಿದ್ದಿಕೊಡುತ್ತಾ ಬಂದಿರುವ ನನ್ನ ಬಳಿ ಈ ಕುರಿತು ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರಗಳು ದೀರ್ಘವಾಗಿವೆ, ಏಕೆಂದರೆ ಜನ ಹೆಚ್ಚು ಎಡವುವುದು ಅಲ್ಲಿಯೇ.

ರೆಸ್ಯೂಮೆಗೆ ಎಐ ನೆರವು ಪಡೆಯುವುದು ಮೋಸವೆ?

ಮೋಸವಲ್ಲ. ರೆಸ್ಯೂಮೆಯನ್ನು ಅಕ್ಕನಿಗೋ ಗೆಳೆಯನಿಗೋ ಹಳೆಯ ಮೇಷ್ಟರಿಗೋ ತೋರಿಸಿ ತಿದ್ದಿಸಿಕೊಳ್ಳುವುದು ಹಿಂದಿನಿಂದಲೂ ಇದೆ, ಅದನ್ನು ಯಾರೂ ತಪ್ಪೆಂದಿಲ್ಲ. ಉದ್ಯೋಗದಾತರಿಗೆ ಬೇಕಾಗಿರುವುದು ನೀವು ಮಾಡಿದ ಕೆಲಸದ ನಿಜವಾದ ವಿವರ, ಆ ವಿವರವನ್ನು ಒಳ್ಳೆಯ ವಾಕ್ಯದಲ್ಲಿ ಕೂರಿಸಲು ಯಾರು ಸಹಾಯ ಮಾಡಿದರು ಎಂಬುದು ಬಹುತೇಕ ಹುದ್ದೆಗಳಿಗೆ ಮುಖ್ಯವಾಗುವುದಿಲ್ಲ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್ 2023ರ ಜನವರಿಯಲ್ಲಿ ಪ್ರಕಟಿಸಿದ ಸಂಶೋಧನಾ ಪ್ರಬಂಧವೊಂದು ಇಲ್ಲಿ ನೆನಪಿಡತಕ್ಕದ್ದು. ಆನ್‌ಲೈನ್ ಉದ್ಯೋಗ ತಾಣವೊಂದರಲ್ಲಿ ಸುಮಾರು 5 ಲಕ್ಷ ಅಭ್ಯರ್ಥಿಗಳ ಮೇಲೆ ನಡೆದ ಆ ಪ್ರಯೋಗದಲ್ಲಿ, ರೆಸ್ಯೂಮೆಯ ಕಾಗುಣಿತ ಮತ್ತು ವ್ಯಾಕರಣ ತಿದ್ದುವ ಸಾಫ್ಟ್‌ವೇರ್‌ನ ನೆರವು ದೊರೆತವರಿಗೆ, ದೊರೆಯದವರಿಗಿಂತ ಸುಮಾರು ಶೇ 8ರಷ್ಟು ಹೆಚ್ಚಾಗಿ ಕೆಲಸ ಸಿಕ್ಕಿತು. ಅವರನ್ನು ತೆಗೆದುಕೊಂಡವರ ತೃಪ್ತಿ ಕಡಿಮೆಯಾದ ಲಕ್ಷಣವೂ ಕಾಣಲಿಲ್ಲ. ಬರವಣಿಗೆ ಒರಟಾಗಿದ್ದ ಕಾರಣಕ್ಕೆ ಹಿಂದೆ ಉಳಿಯುತ್ತಿದ್ದ ಸಮರ್ಥರು ಮುಂದೆ ಬಂದರು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಆ ಸಾಫ್ಟ್‌ವೇರ್ ಇದ್ದ ವಾಕ್ಯವನ್ನು ತಿದ್ದುತ್ತಿತ್ತೇ ಹೊರತು ಇಲ್ಲದ ಅನುಭವವನ್ನು ಬರೆಯುತ್ತಿರಲಿಲ್ಲ. ಇಂದಿನ ಸಾಧನಗಳು ಎರಡನ್ನೂ ಮಾಡಬಲ್ಲವು, ಹಾಗಾಗಿ ಗೆರೆ ಎಳೆಯುವ ಹೊಣೆ ಬಳಸುವವರ ಮೇಲೆ ಬಿದ್ದಿದೆ.

ಅರ್ಜಿಯಲ್ಲೇ ಎಐ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದ್ದರೆ ಬಳಸಬೇಡಿ. ಬಳಸಿದ್ದೀರಾ ಎಂದು ಕೇಳಿದ್ದರೆ ಹೌದೆಂದೇ ಹೇಳಿ.

ಈ ಸಾಧನಗಳು ನಿಜವಾಗಿ ಏನು ಮಾಡುತ್ತವೆ?

ಇವುಗಳ ಹಿಂದೆ ಇರುವುದು ದೊಡ್ಡ ಭಾಷಾ ಮಾದರಿಗಳು. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಒಂದು ಪದದ ತುಣುಕಿನ ನಂತರ ಯಾವ ತುಣುಕು ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕ ಹಾಕುವಂತೆ ಅವುಗಳನ್ನು ತಯಾರು ಮಾಡಲಾಗಿದೆ. ಲಕ್ಷಾಂತರ ರೆಸ್ಯೂಮೆಗಳಲ್ಲಿ, ಉದ್ಯೋಗ ಸಲಹೆಯ ಲೇಖನಗಳಲ್ಲಿ ಕಂಡುಬರುವ ಮಾತಿನ ಧಾಟಿ ಅವಕ್ಕೆ ಚೆನ್ನಾಗಿ ಗೊತ್ತು. ನಿಮ್ಮ ಬಗ್ಗೆ ಮಾತ್ರ ನೀವು ಹೇಳಿದಷ್ಟೇ ಗೊತ್ತು. ಹೇಳದೆ ಬಿಟ್ಟ ಜಾಗವನ್ನು ಅವು ಸಾಮಾನ್ಯವಾಗಿ ಖಾಲಿ ಬಿಡುವುದಿಲ್ಲ, ಅಲ್ಲಿ ಬರುವ ಸಂಭವವಿರುವ ಮಾತನ್ನು ತುಂಬುತ್ತವೆ. ಈ ಪುಟದಲ್ಲಿ ಮುಂದೆ ಬರುವ ಎಚ್ಚರಿಕೆಗಳೆಲ್ಲ ಬಹುಮಟ್ಟಿಗೆ ಈ ಒಂದು ಸ್ವಭಾವದಿಂದಲೇ ಹುಟ್ಟಿದವು.

ಎಲ್ಲಿಂದ ಶುರು ಮಾಡಬೇಕು?

ಸಾಧನವನ್ನು ತೆರೆಯುವ ಮೊದಲು ಒಂದು ಗಂಟೆ ನಿಮ್ಮಷ್ಟಕ್ಕೆ ನೀವು ಕುಳಿತು ಬರೆದುಕೊಳ್ಳಿ. ಇದು ನಾನು ಕೊಡುವ ಸಲಹೆಗಳಲ್ಲಿ ಜನ ಅತಿ ಹೆಚ್ಚು ತಪ್ಪಿಸಿಕೊಳ್ಳುವ ಸಲಹೆ, ಅತಿ ಹೆಚ್ಚು ಫಲ ಕೊಡುವುದೂ ಇದೇ. ಕಾಗದದ ಮೇಲೆ ಬರೆದರೂ ಸರಿ, ಫೋನಿನಲ್ಲಿ ಮಾತಾಡಿ ದಾಖಲಿಸಿಕೊಂಡರೂ ಸರಿ. ಭಾಷೆಯ ಚೆಲುವನ್ನು ಈ ಹಂತದಲ್ಲಿ ಮರೆತುಬಿಡಿ.

ಪ್ರತಿಯೊಂದು ಕೆಲಸದ ಕುರಿತೂ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಸರಳವಾಗಿದೆ. ನಾನು ಸೇರಿದಾಗ ಅಲ್ಲಿ ಪರಿಸ್ಥಿತಿ ಹೇಗಿತ್ತು, ಬಿಡುವಾಗ ಹೇಗಿತ್ತು, ಆ ಬದಲಾವಣೆಯಲ್ಲಿ ನನ್ನ ಕೈ ಎಷ್ಟು? ದಿನಕ್ಕೆ ಎಷ್ಟು ಜನರನ್ನು, ಎಷ್ಟು ಕಡತಗಳನ್ನು, ಎಷ್ಟು ಕರೆಗಳನ್ನು ನೋಡಿಕೊಳ್ಳುತ್ತಿದ್ದೆ? ನಾನು ರಜೆ ಹಾಕಿದ ದಿನ ಯಾವ ಕೆಲಸ ನಿಲ್ಲುತ್ತಿತ್ತು? ಈ ಕೊನೆಯ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ‘ನಾನು ವಿಶೇಷವಾಗಿ ಏನೂ ಮಾಡುತ್ತಿರಲಿಲ್ಲ’ ಎನ್ನುತ್ತಿದ್ದವರು ಇದನ್ನು ಕೇಳಿದ ಕೂಡಲೇ ಐದು ನಿಮಿಷ ಬಿಡದೆ ಮಾತಾಡುವುದನ್ನು ಕಂಡಿದ್ದೇನೆ.

ಹೀಗೆ ಒರಟಾಗಿ ಬರೆದುಕೊಂಡ ಎರಡು ಪುಟ ಕೈಯಲ್ಲಿದ್ದರೆ ಎಐ ಅದನ್ನು ಅಚ್ಚುಕಟ್ಟು ಮಾಡಿಕೊಡುತ್ತದೆ. ಅದಿಲ್ಲದೆ ‘ಅಕೌಂಟೆಂಟ್ ಹುದ್ದೆಗೆ ಒಂದು ರೆಸ್ಯೂಮೆ ಬರೆದುಕೊಡು’ ಎಂದಷ್ಟೇ ಕೇಳಿದರೆ, ಜಗತ್ತಿನ ಯಾವ ಅಕೌಂಟೆಂಟ್‌ಗಾದರೂ ಹೊಂದುವ, ಹಾಗಾಗಿ ಯಾರದ್ದೂ ಅಲ್ಲದ ಒಂದು ರೆಸ್ಯೂಮೆ ಕೈಗೆ ಬರುತ್ತದೆ.

ಪ್ರಾಂಪ್ಟ್‌ನಲ್ಲಿ ಏನೆಂದು ಬರೆಯಬೇಕು?

ಪ್ರಾಂಪ್ಟ್ ಎಂದರೆ ಸಾಧನಕ್ಕೆ ನೀವು ಬರೆದು ಕೊಡುವ ಸೂಚನೆ. ಮಂತ್ರದಂತಹ ಪ್ರಾಂಪ್ಟ್ ಯಾವುದೂ ಇಲ್ಲ. ಹೊಸದಾಗಿ ಸೇರಿದ ಸಹೋದ್ಯೋಗಿಗೆ ಕೆಲಸ ವಹಿಸುವಾಗ ನೀವು ಏನೇನು ಹೇಳುತ್ತೀರೋ ಅದನ್ನೆಲ್ಲ ಹೇಳಿದರೆ ಸಾಕು. ಯಾವ ಹುದ್ದೆಗೆ ಅರ್ಜಿ ಹಾಕುತ್ತಿದ್ದೀರಿ, ಉದ್ಯೋಗ ಪ್ರಕಟಣೆಯಲ್ಲಿ ಏನಿದೆ, ನಿಮ್ಮ ಟಿಪ್ಪಣಿ ಯಾವುದು, ಎಷ್ಟು ಪುಟ ಬೇಕು, ಏನನ್ನು ಮಾಡಬಾರದು ಎಂಬುದೆಲ್ಲ ಅದರಲ್ಲಿ ಬರಲಿ. ನಾನು ಸಾಮಾನ್ಯವಾಗಿ ಬಳಸಲು ಹೇಳುವ ಪ್ರಾಂಪ್ಟ್ ಹೀಗಿದೆ:

‘ಕೆಳಗೆ ಒಂದು ಉದ್ಯೋಗ ಪ್ರಕಟಣೆ ಮತ್ತು ನನ್ನ ಕೆಲಸದ ಅನುಭವದ ಟಿಪ್ಪಣಿ ಇವೆ. ಈಗಲೇ ರೆಸ್ಯೂಮೆ ಬರೆಯಬೇಡ. ಮೊದಲು ಟಿಪ್ಪಣಿಯಲ್ಲಿ ಅಸ್ಪಷ್ಟವಾಗಿರುವ ವಿಷಯಗಳ ಕುರಿತು ನನಗೆ ಒಂದೊಂದಾಗಿ ಪ್ರಶ್ನೆ ಕೇಳು. ನಾನು ಉತ್ತರಿಸಿದ ಮೇಲೆ ಅನುಭವದ ಭಾಗವನ್ನು ಬರೆ. ನಾನು ಹೇಳದ ಅಂಕಿ, ಹುದ್ದೆ, ತಂತ್ರಾಂಶ, ಸಾಧನೆ ಯಾವುದನ್ನೂ ಸೇರಿಸಬೇಡ. ಮಾಹಿತಿ ಸಾಲದ ಕಡೆ ಚೌಕಾಕಾರದ ಆವರಣದಲ್ಲಿ ಏನು ಬೇಕೆಂದು ಬರೆದು ಜಾಗ ಬಿಡು.’

ಮೊದಲು ಪ್ರಶ್ನೆ ಕೇಳು ಎಂಬ ಒಂದು ಮಾತಿನಿಂದ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದನ್ನು ಒಮ್ಮೆ ಪ್ರಯತ್ನಿಸಿ ನೋಡಿ. ಬರೆಯುವ ಯಂತ್ರವಾಗಿ ಇವು ಸಾಧಾರಣ, ಬೇಸರವಿಲ್ಲದೆ ಕೇಳುತ್ತಾ ಹೋಗುವ ಸಂದರ್ಶಕರಾಗಿ ತುಂಬ ಒಳ್ಳೆಯವು ಎಂಬುದು ನನ್ನ ಅನುಭವ. ಇನ್ನೊಂದು ಮಾತು. ಇಡೀ ರೆಸ್ಯೂಮೆಯನ್ನು ಒಂದೇ ಸಲಕ್ಕೆ ಬರೆಸಬೇಡಿ. ಒಂದು ಕೆಲಸದ ಅನುಭವ ಮುಗಿಸಿ, ಓದಿ, ತಿದ್ದಿ, ಆಮೇಲೆ ಮುಂದಿನದಕ್ಕೆ ಹೋಗಿ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡದಲ್ಲಿ ಹೇಳಿ ಇಂಗ್ಲಿಷ್ ರೆಸ್ಯೂಮೆ ಬರೆಸಬಹುದೆ?

ಬರೆಸಬಹುದು, ಅಷ್ಟೇ ಅಲ್ಲ, ಹಾಗೆ ಮಾಡುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ತಡವರಿಸುವವರು ತಮಗೆ ಬರುವ ನಾಲ್ಕು ಪದಗಳಿಗೆ ತಮ್ಮ ಅನುಭವವನ್ನೇ ಕುಗ್ಗಿಸಿಕೊಳ್ಳುತ್ತಾರೆ. ಹತ್ತು ವರ್ಷ ಯಂತ್ರಗಳ ನಡುವೆ ದುಡಿದವರೊಬ್ಬರು ‘ಮಷೀನ್ ಮೇಂಟೆನೆನ್ಸ್ ಡನ್’ ಎಂದು ಒಂದೇ ಸಾಲು ಬರೆದು ತಂದಿದ್ದರು. ಕನ್ನಡದಲ್ಲಿ ಮಾತಾಡಿಸಿದಾಗ, ಯಂತ್ರದ ಸದ್ದು ಬದಲಾದದ್ದನ್ನು ಕೇಳಿಯೇ ಬೇರಿಂಗ್ ಸವೆದಿರುವುದನ್ನು ಗುರುತಿಸಿ, ಅದು ಕೆಟ್ಟು ನಿಲ್ಲುವ ಮೊದಲೇ ಬದಲಿಸುತ್ತಿದ್ದುದನ್ನು ಎಳೆ ಎಳೆಯಾಗಿ ಹೇಳಿದರು. ಆ ಮಾತುಗಳನ್ನು ಹಾಗೆಯೇ ಎಐಗೆ ಕೊಟ್ಟೆವು, ಬಂದ ಇಂಗ್ಲಿಷ್ ಸಾಲುಗಳು ಅವರ ಕೆಲಸಕ್ಕೆ ತಕ್ಕವಾಗಿದ್ದವು.

ಎರಡು ಎಚ್ಚರಗಳಿವೆ. ಒಂದು, ಅನುವಾದದಲ್ಲಿ ಹುದ್ದೆಯ ಹೆಸರು ಮೇಲೇರಿಬಿಡುತ್ತದೆ. ‘ನೋಡಿಕೊಳ್ಳುತ್ತಿದ್ದೆ’ ಎಂಬ ನಮ್ಮ ಮಾತಿಗೆ ಕಾವಲು, ಆರೈಕೆ, ಮೇಲ್ವಿಚಾರಣೆ, ಆಡಳಿತ ಎಂಬ ಅರ್ಥಗಳೆಲ್ಲ ಇರುವುದರಿಂದ ಸಾಧನವು ಅದನ್ನು ‘ಮ್ಯಾನೇಜ್ಡ್’ ಎಂದು ಬರೆದು ನಿಮ್ಮನ್ನು ಮ್ಯಾನೇಜರ್ ಮಾಡಿಬಿಡಬಹುದು. ನೇಮಕಾತಿ ಪತ್ರದಲ್ಲಿ ಇರುವ ಹುದ್ದೆಯ ಹೆಸರನ್ನೇ ಉಳಿಸಿಕೊಳ್ಳಿ. ಎರಡು, ನಿಮಗೆ ಅರ್ಥವಾಗದ ಇಂಗ್ಲಿಷ್ ಪದ ರೆಸ್ಯೂಮೆಯಲ್ಲಿ ಉಳಿಯಕೂಡದು. ‘ಇದನ್ನು ಕನ್ನಡದಲ್ಲಿ ವಿವರಿಸು’ ಎಂದು ಅದನ್ನೇ ಕೇಳಿ, ಆ ವಿವರಣೆ ನಿಮ್ಮ ಕೆಲಸಕ್ಕೆ ಹೊಂದದಿದ್ದರೆ ಪದವನ್ನು ತೆಗೆಸಿ. ಹಳೆಯ, ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ ಕನ್ನಡ ರೆಸ್ಯೂಮೆ ನಿಮ್ಮಲ್ಲಿದ್ದರೆ ಅದನ್ನು ನೇರವಾಗಿ ಅಂಟಿಸಬೇಡಿ, ಸಾಧನಕ್ಕೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ನಾನು ಹೇಳದ ಅಂಕಿಗಳು ಬಂದಿವೆ, ಆದರೆ ಓದಲು ಚೆನ್ನಾಗಿವೆ. ಹಾಗೆಯೇ ಬಿಡಬಹುದೆ?

ಬಿಡಬಾರದು. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ.

ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಸಾಧನಕ್ಕೆ ಹೇಳಿದ್ದು ಇಷ್ಟೆ: ಬಂದ ಮಾಲು, ಹೋದ ಮಾಲು ಬರೆದಿಡುತ್ತಿದ್ದೆ, ತಿಂಗಳ ಕೊನೆಗೆ ಸ್ಟಾಕ್ ತಾಳೆ ನೋಡುತ್ತಿದ್ದೆ. ಬಂದ ಸಾಲು ಹೀಗಿತ್ತು: ದಾಸ್ತಾನು ನಿರ್ವಹಣಾ ವ್ಯವಸ್ಥೆಯನ್ನು ಮರುರೂಪಿಸಿ ಲೆಕ್ಕದ ವ್ಯತ್ಯಾಸವನ್ನು ಶೇ 30ರಷ್ಟು ತಗ್ಗಿಸಿದರು, 5 ಜನರ ತಂಡವನ್ನು ಮುನ್ನಡೆಸಿದರು. ಶೇ 30 ಎಲ್ಲಿಂದ ಬಂತು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. 5 ಜನ ಯಾರು ಎಂದು ಕೇಳಿದೆ. ಅವನು ಒಬ್ಬನೇ ಆ ಕೆಲಸ ಮಾಡುತ್ತಿದ್ದ. ಸಂದರ್ಶನದಲ್ಲಿ ಇದೇ ಎರಡು ಪ್ರಶ್ನೆ ಬಂದಿದ್ದರೆ ಅವನು ನಿಜವಾಗಿ ಮಾಡಿದ ಕೆಲಸದ ಮೇಲೂ ಎದುರಿನವರಿಗೆ ನಂಬಿಕೆ ಹೋಗುತ್ತಿತ್ತು.

ಅರ್ಧ ಗಂಟೆ ಮಾತಾಡಿದ ಮೇಲೆ ಹೊರಬಂದ ಸಂಗತಿಯೇ ಬೇರೆ. ಸೇರಿದಾಗ ಅಲ್ಲಿ ಕಾಗದದ ರಿಜಿಸ್ಟರ್ ಇತ್ತು, ಸುಮಾರು 1,200 ಬಗೆಯ ಸರಕಿನ ಲೆಕ್ಕವನ್ನು ಅವನೇ ಸಂಜೆ ಹೊತ್ತು ಕುಳಿತು ಎಕ್ಸೆಲ್‌ಗೆ ಏರಿಸಿದ್ದ. ಮೊದಲು 3 ದಿನ ಹಿಡಿಯುತ್ತಿದ್ದ ತಿಂಗಳ ಕೊನೆಯ ತಾಳೆ ಆಮೇಲೆ 1 ದಿನದಲ್ಲಿ ಮುಗಿಯುತ್ತಿತ್ತು. ಹೊಸದಾಗಿ ಬಂದ ಇಬ್ಬರಿಗೆ ಅದನ್ನು ಕಲಿಸಿಯೂ ಇದ್ದ. ಇದನ್ನೇ ಎರಡು ಸಾಲಿನಲ್ಲಿ ಬರೆದೆವು. ಯಂತ್ರ ಕಟ್ಟಿಕೊಟ್ಟ ಸುಳ್ಳಿಗಿಂತ ಈ ನಿಜ ಹೆಚ್ಚು ಗಟ್ಟಿಯಾಗಿತ್ತು, ಮತ್ತು ಇದರ ಬಗ್ಗೆ ಅವನು ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲವನಾಗಿದ್ದ.

ಹಾಗಾಗಿ ಕರಡು ಕೈಗೆ ಬಂದ ಕೂಡಲೇ ಅದರಲ್ಲಿರುವ ಪ್ರತಿಯೊಂದು ಅಂಕಿ, ಇಸವಿ, ಹುದ್ದೆ, ತಂತ್ರಾಂಶದ ಹೆಸರು, ಪ್ರಮಾಣಪತ್ರ ಇವುಗಳ ಕೆಳಗೆ ಗೆರೆ ಎಳೆಯಿರಿ. ಅವುಗಳಲ್ಲಿ ನೀವು ಹೇಳದೆ ಬಂದದ್ದನ್ನು ಹೊಡೆದುಹಾಕಿ. ಸೇರಿಸಬೇಡ ಎಂದು ಪ್ರಾಂಪ್ಟ್‌ನಲ್ಲಿ ಹೇಳಿದ್ದರೂ ಈ ಪರಿಶೀಲನೆ ತಪ್ಪಿಸಬೇಡಿ, ಏಕೆಂದರೆ ಹೇಳಿದ ಮೇಲೂ ಅವು ಸೇರಿಸುವುದುಂಟು. ಸುಳ್ಳು ವಿವರ ಕೊಟ್ಟದ್ದು ಕೆಲಸಕ್ಕೆ ಸೇರಿದ ಮೇಲೆ ಗೊತ್ತಾದರೂ ಕೆಲಸ ಹೋಗಬಹುದು. ‘ಅದು ಎಐ ಬರೆದದ್ದು’ ಎಂಬ ಸಮಜಾಯಿಷಿಯನ್ನು ಯಾರೂ ಒಪ್ಪುವುದಿಲ್ಲ.

ನನ್ನ ಕೆಲಸದಲ್ಲಿ ಅಂಕಿಗಳೇ ಇಲ್ಲ. ಏನು ಮಾಡಲಿ?

ಎಲ್ಲ ಕೆಲಸಕ್ಕೂ ಶೇಕಡಾವಾರು ಸಾಧನೆ ಬೇಕಿಲ್ಲ. ರೋಗಿಗಳ ಆರೈಕೆ, ಪಾಠ, ದಾಖಲೆಗಳ ಪಾಲನೆ ಇಂಥ ಕೆಲಸಗಳಲ್ಲಿ ಪ್ರಮಾಣವೇ ಸಾಕು: ಒಂದು ಪಾಳಿಯಲ್ಲಿ ಎಷ್ಟು ಹಾಸಿಗೆ, ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ವರ್ಷದ ಕಡತ. ಅದೂ ನೆನಪಿಲ್ಲದಿದ್ದರೆ, ಯಾವ ಕಷ್ಟದ ಸಂದರ್ಭವನ್ನು ಹೇಗೆ ನಿಭಾಯಿಸಿದಿರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಎಐ ಬರೆದ ರೆಸ್ಯೂಮೆಗಳೆಲ್ಲ ಒಂದೇ ರೀತಿ ಕೇಳಿಸುತ್ತವೆ ಎನ್ನುತ್ತಾರೆ. ಇದನ್ನು ತಪ್ಪಿಸುವುದು ಹೇಗೆ?

ಆ ಮಾತು ನಿಜ. ‘ರಿಸಲ್ಟ್ಸ್ ಡ್ರಿವನ್ ಪ್ರೊಫೆಷನಲ್’, ‘ಪ್ರೂವನ್ ಟ್ರ್ಯಾಕ್ ರೆಕಾರ್ಡ್’, ‘ಸ್ಪಿಯರ್‌ಹೆಡೆಡ್’, ‘ಲೆವರೇಜ್ಡ್’ ಇಂತಹ ಪದಗಳು ಇಂಗ್ಲಿಷ್ ರೆಸ್ಯೂಮೆಗಳಲ್ಲಿ ಮೊದಲಿನಿಂದಲೂ ಇದ್ದವು, ಎಐ ಬಂದ ಮೇಲೆ ಅವು ಪ್ರತಿ ಪುಟದಲ್ಲೂ ತುಂಬಿಕೊಂಡಿವೆ. ದಿನಕ್ಕೆ ನೂರಾರು ರೆಸ್ಯೂಮೆ ನೋಡುವವರ ಕಣ್ಣು ಇವುಗಳ ಮೇಲೆ ನಿಲ್ಲುವುದೇ ಇಲ್ಲ.

ಪ್ರತಿ ಸಾಲನ್ನೂ ಓದಿ, ಅದನ್ನು ಇನ್ನೊಬ್ಬರ ರೆಸ್ಯೂಮೆಯಲ್ಲಿ ಹಾಕಿದರೂ ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ. ಹೊಂದುವುದಾದರೆ ಅದು ನಿಮ್ಮ ಸಾಲಲ್ಲ. ‘ಉತ್ತಮ ಸಂವಹನ ಕೌಶಲ ಹೊಂದಿದ್ದಾರೆ’ ಎಂಬುದು ಯಾರಿಗಾದರೂ ಹೊಂದುತ್ತದೆ. ‘ದೂರು ಕೊಡಲು ಬಂದ ಗ್ರಾಹಕರನ್ನು ಮೊದಲು ಮಾತಾಡಿಸುವ ಹೊಣೆ ಎರಡು ವರ್ಷ ನನ್ನದಾಗಿತ್ತು’ ಎಂಬುದು ಎಲ್ಲರಿಗೂ ಹೊಂದುವುದಿಲ್ಲ. ಗಟ್ಟಿಯಾಗಿ ಓದಿ ನೋಡುವುದೂ ಸಹಾಯಕ: ಬಾಯಲ್ಲಿ ಹೇಳಲು ಸಂಕೋಚವಾಗುವ ವಾಕ್ಯವನ್ನು ಕಾಗದದ ಮೇಲೂ ಇಡಬೇಡಿ.

ಮೇಲ್ಭಾಗದಲ್ಲಿ ಬರುವ ಸಾರಾಂಶವನ್ನು ಮಾತ್ರ ನೀವೇ ಬರೆಯಿರಿ ಎಂಬುದು ನನ್ನ ಒತ್ತಾಯ. ಮೂರೇ ಸಾಲು. ಲ್ಯಾಡರ್ಸ್ ಎಂಬ ಉದ್ಯೋಗ ತಾಣ 2018ರಲ್ಲಿ ನಡೆಸಿದ ಕಣ್ಣಿನ ಚಲನೆಯ ಅಧ್ಯಯನದಲ್ಲಿ, ನೇಮಕಾತಿ ಮಾಡುವವರು ಒಂದು ರೆಸ್ಯೂಮೆಯ ಮೊದಲ ನೋಟಕ್ಕೆ ಕೊಟ್ಟ ಸಮಯ ಸರಾಸರಿ 7.4 ಸೆಕೆಂಡ್. ಆ ಸೆಕೆಂಡುಗಳಲ್ಲಿ ಕಣ್ಣಿಗೆ ಬೀಳುವ ಮೇಲ್ಭಾಗದ ಮಾತು ನಿಮ್ಮದೇ ಆಗಿರಲಿ.

ಎಟಿಎಸ್ ಎಂದರೇನು? ಅದು ನನ್ನ ರೆಸ್ಯೂಮೆಯನ್ನು ತಾನಾಗಿಯೇ ತಿರಸ್ಕರಿಸುತ್ತದೆಯೆ?

ಎಟಿಎಸ್ (ಅಪ್ಲಿಕಂಟ್ ಟ್ರ್ಯಾಕಿಂಗ್ ಸಿಸ್ಟಮ್) ಎಂದರೆ ಬಂದ ಅರ್ಜಿಗಳನ್ನು ಸಂಗ್ರಹಿಸಿ, ವಿಂಗಡಿಸಿ, ಹುಡುಕಲು ಅನುಕೂಲ ಮಾಡಿಕೊಡುವ ತಂತ್ರಾಂಶ. ಅದು ನಿಮ್ಮ ಫೈಲ್‌ನಿಂದ ಪಠ್ಯವನ್ನು ಹೊರತೆಗೆದು ಹೆಸರು, ಹುದ್ದೆ, ಸಂಸ್ಥೆ, ಅವಧಿ, ವಿದ್ಯಾರ್ಹತೆ ಎಂಬ ಖಾನೆಗಳಿಗೆ ತುಂಬುತ್ತದೆ. ‘ಈ ಹುದ್ದೆಗೆ ಬೇಕಾದ ಪರವಾನಗಿ ಇದೆಯೆ’ ಎಂಬಂತಹ ಪ್ರಶ್ನೆಗೆ ಇಲ್ಲ ಎಂದು ಉತ್ತರಿಸಿದವರನ್ನು ತಾನಾಗಿಯೇ ಬದಿಗಿಡುವಂತೆ ಅದನ್ನು ಹೊಂದಿಸಿಡಬಹುದು. ಅಂಕ ಕೊಟ್ಟು ಕ್ರಮವಾಗಿ ಜೋಡಿಸುವ ವ್ಯವಸ್ಥೆಗಳೂ ಇವೆ. ಆದರೆ ಪದವೊಂದು ತಪ್ಪಿಹೋದ ಮಾತ್ರಕ್ಕೆ ಎಲ್ಲ ವ್ಯವಸ್ಥೆಗಳೂ ಅರ್ಜಿಯನ್ನು ಕಸದ ಬುಟ್ಟಿಗೆ ಎಸೆಯುತ್ತವೆ ಎಂಬ ಭಯ ಅತಿಯಾದದ್ದು. ‘ಎಟಿಎಸ್ ಅಂಕ’ ತೋರಿಸಿ ಹೆದರಿಸುವ ತಾಣಗಳು ಕೊಡುವ ಅಂಕ ಆ ತಾಣದ್ದೇ ಲೆಕ್ಕ. ನೀವು ಅರ್ಜಿ ಹಾಕಿದ ಸಂಸ್ಥೆ ಬಳಸುವ ವ್ಯವಸ್ಥೆಯ ಅಂಕ ಅದಲ್ಲ.

ನಿಜವಾದ ತೊಂದರೆ ಆಗುವುದು ವಿನ್ಯಾಸದಲ್ಲಿ. ಎರಡು ಕಾಲಂ, ಟೇಬಲ್, ಟೆಕ್ಸ್ಟ್ ಬಾಕ್ಸ್, ಹೆಡರ್‌ನಲ್ಲಿ ಇಟ್ಟ ಫೋನ್ ನಂಬರ್, ಚಿತ್ರವಾಗಿ ಸೇರಿಸಿದ ಪಠ್ಯ, ಕೌಶಲವನ್ನು ನಕ್ಷತ್ರಗಳಲ್ಲಿ ತೋರಿಸುವ ಅಲಂಕಾರ ಇವೆಲ್ಲ ಪಠ್ಯ ತೆಗೆಯುವಾಗ ಕಲಸಿಹೋಗಬಹುದು ಅಥವಾ ಬಿಟ್ಟುಹೋಗಬಹುದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ದು ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ಓದಿ. ಅಲ್ಲಿ ಸಾಲುಗಳು ಸರಿಯಾದ ಕ್ರಮದಲ್ಲಿ ಇದ್ದರೆ ಬಹುತೇಕ ನಿಶ್ಚಿಂತೆ. ಒಂದು ಕಂಪನಿಯ ಹೆಸರು ಇನ್ನೊಂದರ ದಿನಾಂಕಕ್ಕೆ ಅಂಟಿಕೊಂಡಿದ್ದರೆ ಒಂದೇ ಕಾಲಂನ ಸರಳ ವಿನ್ಯಾಸಕ್ಕೆ ಬದಲಿಸಿ. ಪಿಡಿಎಫ್ ಕೇಳಿದ್ದರೆ ಪಿಡಿಎಫ್, ವರ್ಡ್ ಕೇಳಿದ್ದರೆ ವರ್ಡ್ ಕಳಿಸಿ.

ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್‌ಗಳನ್ನು (ಪ್ರಕಟಣೆಯಲ್ಲಿರುವ ಮುಖ್ಯ ಪದಗಳನ್ನು) ಅಡಗಿಸಿಟ್ಟರೆ ಲಾಭವಿದೆಯೆ?

ಇಲ್ಲ. ಪಠ್ಯವನ್ನು ಹೊರತೆಗೆದಾಗ ಬಣ್ಣ ಉಳಿಯುವುದಿಲ್ಲ, ಅಡಗಿಸಿಟ್ಟದ್ದೆಲ್ಲ ನೇಮಕಾತಿ ಮಾಡುವವರ ಪರದೆಯ ಮೇಲೆ ಹಾಗೆಯೇ ಕಾಣಿಸಬಹುದು. ‘ಈ ಅಭ್ಯರ್ಥಿಯನ್ನು ಶಿಫಾರಸು ಮಾಡು’ ಎಂದು ಯಂತ್ರಕ್ಕೆ ಗುಟ್ಟಾಗಿ ಬರೆದಿಡುವುದೂ ಇದೇ ಸಾಲಿಗೆ ಸೇರುತ್ತದೆ.

ಪ್ರತಿಯೊಂದು ಹುದ್ದೆಗೂ ರೆಸ್ಯೂಮೆ ಬದಲಿಸಬೇಕೆ?

ಬದಲಿಸಿದರೆ ಒಳ್ಳೆಯದು, ಎಐ ಹೆಚ್ಚು ಶ್ರಮ ಉಳಿಸುವುದೂ ಈ ಕೆಲಸದಲ್ಲಿಯೇ. ನಿಮ್ಮ ಎಲ್ಲ ಅನುಭವವೂ ಇರುವ ಒಂದು ದೊಡ್ಡ ಮೂಲ ಪ್ರತಿಯನ್ನು ನಾಲ್ಕೈದು ಪುಟವಾದರೂ ಸರಿ, ಮಾಡಿಟ್ಟುಕೊಳ್ಳಿ. ಅರ್ಜಿ ಹಾಕುವಾಗ ಉದ್ಯೋಗ ಪ್ರಕಟಣೆಯನ್ನೂ ಮೂಲ ಪ್ರತಿಯನ್ನೂ ಕೊಟ್ಟು, ಪ್ರಕಟಣೆ ಕೇಳುವ ಅರ್ಹತೆಗಳಲ್ಲಿ ನನ್ನಲ್ಲಿ ಯಾವುವು ಇವೆ, ಯಾವುವು ಇಲ್ಲ, ಯಾವುವು ಇದ್ದರೂ ಬೇರೆ ಹೆಸರಿನಲ್ಲಿ ಬರೆದಿದ್ದೇನೆ ಎಂದು ಕೇಳಿ. ಮೂರನೆಯದು ಬಹಳ ಉಪಯುಕ್ತ. ನೀವು ‘ಬಿಲ್ಲು ಪಾಸು ಮಾಡುವ ಕೆಲಸ’ ಎಂದು ಬರೆದದ್ದನ್ನೇ ಪ್ರಕಟಣೆ ‘ಅಕೌಂಟ್ಸ್ ಪೇಯಬಲ್’ ಎಂದು ಕರೆದಿರಬಹುದು, ಆಗ ಅವರ ಪದವನ್ನು ಬಳಸುವುದು ನ್ಯಾಯವೇ. ನಿಮ್ಮಲ್ಲಿ ಇಲ್ಲದ ಅರ್ಹತೆಯನ್ನು ಪ್ರಕಟಣೆಯಿಂದ ರೆಸ್ಯೂಮೆಗೆ ನಕಲು ಮಾಡಿಕೊಳ್ಳುವುದು ನ್ಯಾಯವಲ್ಲ, ಸಾಧನಗಳು ಕೇಳದೆಯೇ ಅದನ್ನು ಮಾಡಿಬಿಡುತ್ತವೆ.

ಎಐ ಬರೆದದ್ದೆಂದು ಅವರು ಕಂಡುಹಿಡಿಯಬಲ್ಲರೆ?

ತಂತ್ರಾಂಶದಿಂದ ಖಚಿತವಾಗಿ ಕಂಡುಹಿಡಿಯುವುದು ಕಷ್ಟ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂತಹ ಪತ್ತೆ ಸಾಧನವೊಂದನ್ನು ಬಿಡುಗಡೆ ಮಾಡಿತ್ತು. ಸಂಸ್ಥೆಯದೇ ಪರೀಕ್ಷೆಯಲ್ಲಿ ಅದು ಎಐ ಬರಹದಲ್ಲಿ ಗುರುತಿಸಿದ್ದು ಶೇ 26ರಷ್ಟನ್ನು ಮಾತ್ರ, ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಎಐ ಬರಹವೆಂದು ತಪ್ಪಾಗಿ ಹೇಳಿತು. ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನಮ್ಮಂಥವರು ಗಮನಿಸಬೇಕಾದದ್ದು: ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಟೋಫೆಲ್ (ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆ) ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪತ್ತೆ ಸಾಧನಗಳು ಎಐ ಬರಹವೆಂದು ತಪ್ಪಾಗಿ ಗುರುತಿಸಿದ್ದವು. ಇವುಗಳ ತೀರ್ಪನ್ನು ನಂಬಿ ನಿಮ್ಮ ಒಳ್ಳೆಯ ವಾಕ್ಯಗಳನ್ನು ಕೆಡಿಸಿಕೊಳ್ಳಬೇಡಿ.

ಆದರೆ ಓದುವ ಮನುಷ್ಯರು ಊಹಿಸುತ್ತಾರೆ. ರೆಸ್ಯೂಮೆಯ ಇಂಗ್ಲಿಷ್‌ಗೂ ಇ-ಮೇಲ್‌ನ ಇಂಗ್ಲಿಷ್‌ಗೂ ಅಜಗಜಾಂತರವಿದ್ದರೆ, ‘ಇಗೋ ನಿಮ್ಮ ಪರಿಷ್ಕೃತ ರೆಸ್ಯೂಮೆ’ ಎಂಬ ಯಂತ್ರದ ಸಾಲು ಹಾಗೆಯೇ ಉಳಿದಿದ್ದರೆ, ಆವರಣದಲ್ಲಿ ಬಿಟ್ಟ ಜಾಗ ತುಂಬದೆ ಹೋಗಿದ್ದರೆ, ಎಚ್ಚರವಿಲ್ಲದವರು ಎಂಬ ಅಭಿಪ್ರಾಯ ಮೂಡುತ್ತದೆ. ತೊಡಕಾಗುವುದು ಎಐ ಬಳಕೆಗಿಂತ ಆ ಅಭಿಪ್ರಾಯ.

ನನ್ನ ಖಾಸಗಿ ಮಾಹಿತಿಯನ್ನು ಅದಕ್ಕೆ ಕೊಡಬಹುದೆ?

ಬೇಕಾದಷ್ಟನ್ನು ಮಾತ್ರ ಕೊಡಿ. ಹೆಸರು, ವಿಳಾಸ, ಫೋನ್ ನಂಬರ್, ಜನ್ಮದಿನಾಂಕ, ಗುರುತಿನ ಚೀಟಿಯ ಸಂಖ್ಯೆ ಇವು ಯಾವುವೂ ವಾಕ್ಯ ತಿದ್ದಲು ಬೇಕಿಲ್ಲ. ಕೊನೆಯಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ನೀವೇ ಸೇರಿಸಿಕೊಳ್ಳಬಹುದು. ನೀವು ಬರೆದದ್ದನ್ನು ಮುಂದಿನ ಮಾದರಿಗಳ ತರಬೇತಿಗೆ ಬಳಸುವ ಸಾಧನಗಳಿವೆ, ಹಲವು ಕಡೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸುವ ಆಯ್ಕೆ ಇರುತ್ತದೆ. ಮೊದಲು ಅದನ್ನು ನೋಡಿ.

ಇದಕ್ಕಿಂತ ಹೆಚ್ಚು ಜನ ಮರೆಯುವುದು ಹಿಂದಿನ ಸಂಸ್ಥೆಯ ಗುಟ್ಟುಗಳನ್ನು. ಗ್ರಾಹಕರ ಹೆಸರು, ಇನ್ನೂ ಹೊರಬರದ ಉತ್ಪನ್ನ, ಒಳಗಿನ ಲೆಕ್ಕಪತ್ರದ ಮೊತ್ತ ಇವನ್ನು ಸಾಧನಕ್ಕೂ ಕೊಡಬಾರದು, ರೆಸ್ಯೂಮೆಯಲ್ಲೂ ಬರೆಯಬಾರದು. ‘ಒಂದು ದೊಡ್ಡ ಬ್ಯಾಂಕ್’ ಎಂದರೆ ಸಾಕಾಗುವ ಕಡೆ ಹೆಸರು ಯಾಕೆ ಬೇಕು?

ನಡುವೆ ಮೂರು ವರ್ಷ ಕೆಲಸ ಬಿಟ್ಟಿದ್ದೆ. ಎಐ ಅದನ್ನು ಮುಚ್ಚಿ ಬರೆಯುತ್ತದೆಯೆ?

ಕೇಳಿದರೆ ಬರೆಯುತ್ತದೆ, ಕೇಳಬೇಡಿ. ದಿನಾಂಕಗಳನ್ನು ಹಿಗ್ಗಿಸಿ ಬಿಡುವನ್ನು ಅಡಗಿಸಿದ್ದು ಹಿನ್ನೆಲೆ ಪರಿಶೀಲನೆಯಲ್ಲಿ ಸುಲಭವಾಗಿ ಹೊರಬರುತ್ತದೆ. ಮಗುವಿನ ಪಾಲನೆ, ಮನೆಯವರ ಅನಾರೋಗ್ಯ, ಓದು, ಕೆಲಸ ಸಿಗದೆ ಇದ್ದದ್ದು ಇವು ಯಾವುವೂ ನಾಚಿಕೆಪಡುವ ಸಂಗತಿಗಳಲ್ಲ. ‘2020–2023: ಕುಟುಂಬದ ಆರೈಕೆಗಾಗಿ ಬಿಡುವು’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಆ ಅವಧಿಯಲ್ಲಿ ಕಲಿತದ್ದು ಅಥವಾ ಮಾಡಿದ್ದು ಏನಾದರೂ ಇದ್ದರೆ ಮಾತ್ರ ಇನ್ನೊಂದು ಸಾಲು. ಮನೆ ನಡೆಸಿದ್ದನ್ನು ‘ಬಹುಮುಖಿ ಕಾರ್ಯಾಚರಣೆಗಳ ನಿರ್ವಹಣೆ’ ಎಂದು ಸಾಧನ ಉಬ್ಬಿಸಿ ಬರೆದರೆ ಒಪ್ಪಬೇಡಿ, ಅದು ನಿಮ್ಮ ಆ ವರ್ಷಗಳಿಗೆ ಗೌರವ ತರುವುದಿಲ್ಲ.

ನಾನು ಈಗಷ್ಟೇ ಓದು ಮುಗಿಸಿದ್ದೇನೆ. ಅನುಭವವೇ ಇಲ್ಲವಲ್ಲ?

ಪ್ರಾಜೆಕ್ಟ್, ಇಂಟರ್ನ್‌ಶಿಪ್, ಬಿಡುವಿನಲ್ಲಿ ಮಾಡಿದ ಸಣ್ಣ ಕೆಲಸ, ಕಾಲೇಜಿನ ಕಾರ್ಯಕ್ರಮದ ಹೊಣೆ ಇವೇ ನಿಮ್ಮ ಅನುಭವ. ಗುಂಪಾಗಿ ಮಾಡಿದ ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲು ಯಾವುದೆಂದು ಬಿಡಿಸಿ ಹೇಳಿ, ಇಲ್ಲದಿದ್ದರೆ ಸಾಧನ ಇಡೀ ಪ್ರಾಜೆಕ್ಟನ್ನು ನಿಮ್ಮ ಹೆಸರಿಗೆ ಬರೆಯುತ್ತದೆ. ಒಂದು ಪುಟ ತುಂಬದಿದ್ದರೂ ಚಿಂತೆಯಿಲ್ಲ.

ನನ್ನ ರೆಸ್ಯೂಮೆಯನ್ನು ಓದುವುದೂ ಯಂತ್ರವೇ ಆದರೆ ನ್ಯಾಯ ಸಿಗುತ್ತದೆಯೆ?

ಈ ಆತಂಕಕ್ಕೆ ಆಧಾರವಿದೆ. ಅಮೆಜಾನ್ ಕಂಪನಿ ಪ್ರಾಯೋಗಿಕವಾಗಿ ರೂಪಿಸಿದ್ದ ನೇಮಕಾತಿ ಸಾಧನವೊಂದು ಮಹಿಳೆಯರ ವಿರುದ್ಧ ಪಕ್ಷಪಾತ ತೋರಿದ್ದರಿಂದ ಅದನ್ನು ಕೈಬಿಟ್ಟಿತೆಂದು 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಹತ್ತು ವರ್ಷಗಳಲ್ಲಿ ಬಂದ, ಬಹುಪಾಲು ಗಂಡಸರದೇ ಆಗಿದ್ದ ರೆಸ್ಯೂಮೆಗಳಿಂದ ಅದು ಕಲಿತಿತ್ತು. ಹಾಗಾಗಿ ‘ಮಹಿಳಾ ಚೆಸ್ ಕ್ಲಬ್’ ಎಂಬಂತಹ ಮಾತಿದ್ದರೆ ಅಂಕ ಇಳಿಸುತ್ತಿತ್ತು. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆಯು ಅರ್ಜಿಗಳನ್ನು ಸೋಸುವ, ಅಭ್ಯರ್ಥಿಗಳನ್ನು ಅಳೆಯುವ ಸಾಧನಗಳನ್ನು ಹೆಚ್ಚಿನ ಅಪಾಯದ ವರ್ಗದಲ್ಲಿ ಇರಿಸಿದೆ.

ಅಭ್ಯರ್ಥಿಯಾಗಿ ನಿಮ್ಮ ಕೈಯಲ್ಲಿರುವುದು ಸ್ವಲ್ಪವೇ. ಕೇಳದಿದ್ದಲ್ಲಿ ಫೋಟೊ, ವಯಸ್ಸು, ವೈವಾಹಿಕ ಸ್ಥಿತಿ, ಧರ್ಮ ಇವನ್ನು ಬರೆಯಬೇಡಿ. ಹಳೆಯ ಮಾದರಿಗಳನ್ನು ನೋಡಿ ಕಲಿತ ಎಐ ಕೆಲವೊಮ್ಮೆ ಇವುಗಳಿಗೂ ಜಾಗ ಮಾಡಿಕೊಡುತ್ತದೆ, ಅಳಿಸಿಬಿಡಿ. ಸಾಧ್ಯವಿದ್ದರೆ ಆ ಸಂಸ್ಥೆಯಲ್ಲಿ ಇರುವ ಪರಿಚಿತರ ಮೂಲಕ ನಿಮ್ಮ ಅರ್ಜಿ ಮನುಷ್ಯರೊಬ್ಬರ ಕಣ್ಣಿಗೂ ಬೀಳುವಂತೆ ನೋಡಿಕೊಳ್ಳಿ.

ಹಣ ಕೊಟ್ಟು ಪಡೆಯುವ ರೆಸ್ಯೂಮೆ ತಾಣಗಳು ಬೇಕೆ?

ಬಹಳಷ್ಟು ಜನರಿಗೆ ಬೇಕಿಲ್ಲ. ಸಾಮಾನ್ಯ ಎಐ ಸಾಧನದ ಉಚಿತ ಆವೃತ್ತಿ ಮತ್ತು ಒಂದು ಸರಳ ವರ್ಡ್ ಫೈಲ್ ಸಾಕು. ರೆಸ್ಯೂಮೆ ಪೂರ್ತಿ ತಯಾರಾದ ಮೇಲೆ ಡೌನ್‌ಲೋಡ್ ಮಾಡಲು ಹಣ ಕೇಳುವ, ಚಂದಾ ತಾನಾಗಿಯೇ ನವೀಕರಣವಾಗುವ ತಾಣಗಳ ಷರತ್ತುಗಳನ್ನು ಮೊದಲೇ ಓದಿಕೊಳ್ಳಿ.

ಕಳಿಸುವ ಮೊದಲು ಕೊನೆಯದಾಗಿ ಏನು ಮಾಡಬೇಕು?

ಮುಗಿದ ರೆಸ್ಯೂಮೆಯನ್ನು ಹೊಸದೊಂದು ಚಾಟ್‌ನಲ್ಲಿ ಹಾಕಿ, ‘ನೀನು ಈ ಹುದ್ದೆಗೆ ಸಂದರ್ಶನ ಮಾಡುವವನು. ಇದರಲ್ಲಿನ ಪ್ರತಿ ಸಾಲಿನ ಕುರಿತೂ ಸಂದೇಹಪಟ್ಟು ಒಂದೊಂದು ಪ್ರಶ್ನೆ ಕೇಳು’ ಎಂದು ಹೇಳಿ. ಹೊಸ ಚಾಟ್ ಏಕೆಂದರೆ, ಹಳೆಯದರಲ್ಲಿ ನೀವು ಹೇಳಿದ್ದೆಲ್ಲ ಅದರ ಮುಂದೆ ಇರುತ್ತದೆ, ಸಂದರ್ಶನ ಮಾಡುವವರ ಮುಂದೆ ಇರುವುದು ಈ ಒಂದು ಪುಟ ಮಾತ್ರ. ಪ್ರಶ್ನೆಗಳಿಗೆ ಬಾಯಿಬಿಟ್ಟು, ನಿಮ್ಮದೇ ಮಾತಿನಲ್ಲಿ ಉತ್ತರಿಸಿ, ಟೈಪ್ ಮಾಡಬೇಡಿ. ಉತ್ತರ ಹೊಳೆಯದ ಸಾಲು ಸಿಕ್ಕರೆ ಅಲ್ಲೇ ನಿಲ್ಲಿಸಿ, ಅದು ನಿಮ್ಮ ಟಿಪ್ಪಣಿಯಲ್ಲಿ ಇತ್ತೇ ಎಂದು ನೋಡಿ. ಇದ್ದರೆ ನೆನಪು ಮಾಡಿಕೊಂಡು ಇನ್ನಷ್ಟು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಅಳಿಸಿ. ಆಮೇಲೆ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಸರಿಯಿದೆಯೇ ನೋಡಿಕೊಂಡು, ಫೈಲ್‌ಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಕೊಟ್ಟು ಕಳಿಸಿ.